ಗುಂಟೆಗೊಂದು ಚೌಕ: ಕಾಲುವೆ ಕೊನೆಯ ಹೊಲಗಳನ್ನು ನಕ್ಷೆಗಿಳಿಸುವುದು ಹೇಗೆ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೂ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗದ ರೈತರಿಗೆ ಅದು ಮುಟ್ಟುವುದು ತಡ. ಕೆಲವು ವರ್ಷ ಮುಟ್ಟುವುದೇ ಇಲ್ಲ. ‘ನಮ್ಮ ಹೊಲಕ್ಕೆ ನೀರು ಬಂದಿಲ್ರೀ’ ಎಂದು ಸಭೆಯಲ್ಲಿ ಹೇಳುವುದು ಬೇರೆ. ಯಾವ ತೂಬಿನಿಂದಾಚೆ, ಎಷ್ಟು ಎಕರೆಗೆ ಬಂದಿಲ್ಲ ಎಂದು ನಕ್ಷೆ ಹಾಸಿ ತೋರಿಸುವುದು ಬೇರೆ. ಆ ನಕ್ಷೆ ಮಾಡುವ ವಿದ್ಯೆಯೇ ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ. ಇಲ್ಲಿ ನಕ್ಷೆಯ ಪ್ರತಿ ಗೆರೆಯ ಹಿಂದೆಯೂ ಒಂದು ಪಟ್ಟಿ ಇರುತ್ತದೆ: ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ನೀರು ಬಂದ ದಿನ.

ಇದಕ್ಕೆ ಬೇಕಾದ ಕ್ಯೂಜಿಐಎಸ್ ತಂತ್ರಾಂಶ ಉಚಿತ. ಸಾಧಾರಣ ಲ್ಯಾಪ್‌ಟಾಪ್ ಸಾಕು.

ಮೊದಲು ಕಾಲುವೆ, ಆಮೇಲೆ ಹೊಲ

ಇಡೀ ಜಿಲ್ಲೆಗೆ ಕೈಹಾಕಬೇಡಿ, ನಿಮ್ಮೂರಿನ ಒಂದು ಉಪಕಾಲುವೆ ಹಿಡಿಯಿರಿ. ಕ್ಯೂಜಿಐಎಸ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಅಳತೆಯ ಪದ್ಧತಿಯನ್ನು ಯುಟಿಎಂ 43 ಉತ್ತರ ವಲಯಕ್ಕೆ (ಸಂಕೇತ 32643) ಹೊಂದಿಸಿ. ಯುಟಿಎಂ ಎಂದರೆ ಭೂಮಿಯನ್ನು ವಲಯಗಳಾಗಿ ಸೀಳಿ ಮೀಟರ್ ಲೆಕ್ಕದಲ್ಲಿ ಅಳೆಯುವ ಪದ್ಧತಿ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಇದೇ ವಲಯದಲ್ಲಿವೆ. ಹೊಸಬರು ಎಡವುವುದು ಇಲ್ಲೇ. ನಕ್ಷೆಯ ಪದರ ಅಕ್ಷಾಂಶ-ರೇಖಾಂಶದ ಡಿಗ್ರಿ ಲೆಕ್ಕದಲ್ಲಿದ್ದಾಗ ಕಾಲುವೆಯ ಎರಡೂ ಬದಿ ಪಟ್ಟಿ ಬಿಡಿಸಲು ‘50’ ಎಂದು ಕೊಟ್ಟರೆ, ತಂತ್ರಾಂಶ ಅದನ್ನು 50 ಮೀಟರ್ ಎನ್ನದೆ 50 ಡಿಗ್ರಿ ಎಂದುಕೊಂಡು ಅರ್ಧ ಏಷ್ಯಾವನ್ನೇ ಆವರಿಸಿಬಿಡುತ್ತದೆ.

ಮುಂದೆ ಕಾಲುವೆಯನ್ನು ಗೆರೆಯಾಗಿ, ತೂಬುಗಳನ್ನು ಚುಕ್ಕಿಯಾಗಿ, ಹೊಲಗಳನ್ನು ಆವರಣವಾಗಿ ಬಿಡಿಸಿ. ಹೊಲದಲ್ಲಿ ನಿಂತು ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದರೆ ಸರ್ವೆ ನಂಬರ್ ಸಿಗುತ್ತದೆ. ಆದರೆ ಅದು ಗುರುತಿಗೆ ಮಾತ್ರ. ಬದುವಿನ ತಕರಾರಿಗೆ ಸರ್ವೆಯವರ ಅಳತೆಯೇ ಬೇಕು.

ಉಪಗ್ರಹದ ಕಣ್ಣು

ನೀರು ಮುಟ್ಟಿದ ಹೊಲದ ಹಸಿರು ಮೇಲಿನಿಂದಲೂ ಕಾಣುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಕ್ಕೊಮ್ಮೆ ನಮ್ಮ ನೆಲದ ಚಿತ್ರ ತೆಗೆಯುತ್ತವೆ. ಕೋಪರ್ನಿಕಸ್ ಜಾಲತಾಣದಲ್ಲಿ ಖಾತೆ ತೆರೆದರೆ ಚಿತ್ರಗಳು ಉಚಿತ. ಅದರ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್! ಎಕರೆಗೆ ಸುಮಾರು 40 ಚೌಕ ಎಂದು ರೈತರಿಗೆ ವಿವರಿಸಿದರೆ ಪಹಣಿ ಓದಿದಷ್ಟೇ ಸಲೀಸಾಗಿ ಅವರು ಚಿತ್ರವನ್ನೂ ಓದುತ್ತಾರೆ.

ಮೋಡವಿಲ್ಲದ ದಿನದ ಚಿತ್ರ ಆರಿಸಿ, ಬ್ಯಾಂಡ್ 4 (ಕೆಂಪು ಬೆಳಕಿನ ಚಿತ್ರ) ಮತ್ತು ಬ್ಯಾಂಡ್ 8 (ಕಣ್ಣಿಗೆ ಕಾಣದ ಅವಕೆಂಪಿನ ಚಿತ್ರ) ಇಳಿಸಿಕೊಳ್ಳಿ. ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ (ಚಿತ್ರಗಳ ಚೌಕಗಳನ್ನು ಲೆಕ್ಕ ಹಾಕುವ ಸಾಧನ) ಬ್ಯಾಂಡ್ ಎಂಟರಿಂದ ಬ್ಯಾಂಡ್ ನಾಲ್ಕನ್ನು ಕಳೆದು, ಬಂದದ್ದನ್ನು ಎರಡೂ ಬ್ಯಾಂಡ್‌ಗಳ ಮೊತ್ತದಿಂದ ಭಾಗಿಸಿ. ಇದು ಎನ್‌ಡಿವಿಐ, ಹಸಿರಿನ ಅಳತೆ. ಸೊಂಪಾದ ಭತ್ತ 1ರ ಕಡೆಗೆ ವಾಲುತ್ತದೆ, ಬಿತ್ತದ ಎರೆಹೊಲ ಸೊನ್ನೆಯ ಹತ್ತಿರ ಉಳಿಯುತ್ತದೆ.

ಇಷ್ಟಕ್ಕೇ ನಂಬಿಬಿಡಬೇಡಿ. ಒಮ್ಮೆ ಬೇಸಿಗೆಯ ಚಿತ್ರದಲ್ಲಿ ಕಾಲುವೆಯ ಗುಂಟ ಹಸಿರು ಪಟ್ಟಿ ಕಂಡು ಎರಡನೇ ಬೆಳೆ ಎಂದು ಗುರುತು ಹಾಕಿದ್ದೆ. ಸ್ಥಳಕ್ಕೆ ಹೋದಾಗ ಹೊಲದ ಅಜ್ಜ ಚಿತ್ರ ನೋಡಿ, ‘ಅದು ಬೆಳಿ ಅಲ್ಲಪ್ಪ, ಬಳ್ಳಾರಿ ಜಾಲಿ’ ಎಂದರು. ಮುಳ್ಳುಕಂಟಿಗಳ ಮಧ್ಯೆ ನೆಲ ಬಿರುಕು ಬಿಟ್ಟಿತ್ತು. ಆದ್ದರಿಂದ ಮೊಬೈಲ್‌ನಲ್ಲಿ ಕ್ಯೂಫೀಲ್ಡ್ (ಕ್ಯೂಜಿಐಎಸ್ ನಕ್ಷೆಯನ್ನು ಹೊಲಕ್ಕೇ ಒಯ್ಯುವ ಆ್ಯಪ್) ಹಾಕಿಕೊಂಡು ನಡೆಯಿರಿ, ಪ್ರತಿ ತೂಬಿನ ಬಳಿ ಕೇಳಿ, ಬರೆದುಕೊಳ್ಳಿ. ಕೆಲಸದ ಮುಕ್ಕಾಲು ಭಾಗ ಇದೇ.

ಹೊಟ್ಟೆಪಾಡಿಗೆ ದಾರಿ

ಭೂಗೋಳ, ಭೂವಿಜ್ಞಾನ, ಸಿವಿಲ್, ಕೃಷಿ, ಕಂಪ್ಯೂಟರ್ ಓದಿದ ಯಾರು ಬೇಕಾದರೂ ಈ ಕ್ಷೇತ್ರಕ್ಕೆ ಬರಬಹುದು. ಬಳ್ಳಾರಿಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಗುತ್ತಿಗೆ ಗಡಿಗಳನ್ನು ಮತ್ತೆ ಅಳೆದು, ಮೀರಿ ಅಗೆದದ್ದರ ಆಧಾರದ ಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಅಂಥ ಗಡಿ ಅಳತೆ ಗಣಿಗಳಿಗೆ ಇಂದಿಗೂ ಬೇಕು. ಕೊಪ್ಪಳದ ಗಾಳಿಯಂತ್ರಗಳಿಗೆ ಜಾಗ ಆರಿಸುವುದು, 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಊರಿನ ಮನೆಗಳನ್ನು ಡ್ರೋನ್‌ನಿಂದ ನಕ್ಷೆಗಿಳಿಸುವುದೂ ಇದೇ ವಿದ್ಯೆ.

ಮೊದಲ ನೌಕರಿ ಬಹುತೇಕ ಗೆರೆ ಎಳೆಯುವ ಡಿಜಿಟೈಸಿಂಗ್ ಕೆಲಸವೇ. ವರ್ಷಗಟ್ಟಲೆ ಅಲ್ಲೇ ಉಳಿಯಬಾರದು ಎಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಡೇಟಾಬೇಸ್ ಕಲಿಯಲೇಬೇಕು. ಡೆಹ್ರಾಡೂನ್‌ನಲ್ಲಿರುವ ಇಸ್ರೋದ ಐಐಆರ್‌ಎಸ್ (ಭಾರತೀಯ ದೂರಸಂವೇದಿ ಸಂಸ್ಥೆ) ಆನ್‌ಲೈನ್‌ನಲ್ಲಿ ಉಚಿತ ಕೋರ್ಸ್ ನಡೆಸುತ್ತದೆ, ಅಲ್ಲಿಂದ ಶುರುಮಾಡಿ. ಅರ್ಜಿ ಹಾಕುವಾಗ ಪ್ರಮಾಣಪತ್ರದ ಜತೆ ನಿಮ್ಮ ಉಪಕಾಲುವೆಯ ನಕ್ಷೆಯನ್ನೂ ಲಗತ್ತಿಸಿ. ಜಾಲಿ ಎಲ್ಲಿ, ಭತ್ತ ಎಲ್ಲಿ ಎಂದು ನಡೆದು ನೋಡಿ ತಿದ್ದಿದ ಪ್ರತಿಯನ್ನೇ.