ವ್ಯಾನ್ ಕೊಳ್ಳುವ ಮೊದಲು ನಾಲ್ಕನೇ ವರ್ಷದ ಲೆಕ್ಕ ಬರೆಯಿರಿ

ನಮ್ಮ ಕಡೆಯ ಒಂದು ಟ್ರಸ್ಟಿನ ಅಂಗಳದಲ್ಲಿ ಸಂಚಾರಿ ಕ್ಲಿನಿಕ್ಕಿನ ವ್ಯಾನ್ ನಿಂತಿದೆ. ಮೂರು ವರ್ಷ ಊರೂರು ತಿರುಗಿತ್ತು. ಅನುದಾನ ಮುಗಿದ ತಿಂಗಳೇ ನರ್ಸ್ ಬಿಟ್ಟು ಹೋದರು. ಬಿಪಿ ಮಾತ್ರೆಗೆ ಕಾಯುತ್ತಿದ್ದ ಅಜ್ಜಿಯರು ಎರಡು ಮಂಗಳವಾರ ಅರಳಿಕಟ್ಟೆಯಲ್ಲಿ ಕೂತು ಎದ್ದು ಹೋದರು. ಬಂದ ಹಣವೇನೂ ಕಡಿಮೆಯಿರಲಿಲ್ಲ. ಆದರೆ ಎಲ್ಲವೂ ಒಂದೇ ಕಡೆಯಿಂದ, ಒಂದೇ ಅವಧಿಗೆ ಬಂದಿತ್ತು. ಇಂಥದ್ದನ್ನು ಮತ್ತೆ ಮತ್ತೆ ನೋಡಿದ್ದಕ್ಕೇ, ಸಂಚಾರಿ ಕ್ಲಿನಿಕ್ ಶುರುಮಾಡಬೇಕೆಂದಿರುವ ಟ್ರಸ್ಟ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಕಾಗದಪತ್ರ. ಟ್ರಸ್ಟ್ ನೋಂದಣಿ, ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ (80ಜಿ ಎಂದು ಕರೆಯುವುದು), ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಎಲ್ಲವನ್ನೂ ಒಳ್ಳೆಯ ಆಡಿಟರ್ ಮಾಡಿಸಿಕೊಡುತ್ತಾರೆ.

ಹೆಜ್ಜೆ 2: ತಿಂಗಳ ಖರ್ಚು. ಎಲ್ಲರೂ ಎಡವುವುದು ಇಲ್ಲೇ. ವ್ಯಾನಿನ ಬೆಲೆಯನ್ನೇ ಯೋಜನೆಯ ಬೆಲೆ ಅಂದುಕೊಳ್ಳುತ್ತಾರೆ. ಒಂದು ಉದಾಹರಣೆ ಹಾಕಿ ನೋಡೋಣ. ವ್ಯಾನಿಗೆ 12 ಲಕ್ಷ. ತಿಂಗಳಿಗೆ ನರ್ಸ್ ಸಂಬಳ 22,000, ಡ್ರೈವರ್‌ಗೆ 16,000, ವಾರಕ್ಕೆರಡು ದಿನ ಬರುವ ವೈದ್ಯರಿಗೆ 32,000, ಔಷಧಿಗೆ 25,000, ಡೀಸೆಲ್‌ಗೆ 12,000. ಸಾಮಾನ್ಯವಾಗಿ ಪಟ್ಟಿ ಇಲ್ಲಿಗೇ ನಿಲ್ಲುತ್ತದೆ. ನಿಲ್ಲಿಸಬೇಡಿ. ಲೆಕ್ಕ ಬರೆಯುವವರಿಗೆ 6,000, ವಿಮೆ, ಸರ್ವಿಸ್, ಟೈರಿಗೆ 5,000 ಸೇರಿಸಿ. ಹತ್ತು ವರ್ಷಕ್ಕೆ ಹೊಸ ವ್ಯಾನ್ ಬೇಕಾಗುತ್ತೆ ಅಲ್ವಾ? ಅದಕ್ಕೆ ತಿಂಗಳಿಗೆ 10,000 ಎತ್ತಿಡಿ. ಒಟ್ಟು 1,28,000. ವರ್ಷಕ್ಕೆ 15,36,000. ಒಂದೇ ವರ್ಷದ ಓಡಾಟ ವ್ಯಾನಿನ ಬೆಲೆಯನ್ನು ದಾಟಿತು. ಪ್ರತಿ ವರ್ಷ ಸಂಬಳ ಏರಿಸಿ, ಇದೇ ಪಟ್ಟಿಯನ್ನು ನಾಲ್ಕನೇ ವರ್ಷದವರೆಗೂ ಬರೆಯಿರಿ. ಪ್ರತಿ ಸಾಲಿನ ಮುಂದೆ ‘ಇದನ್ನು ಯಾರು ಕೊಡುತ್ತಾರೆ?’ ಎಂಬ ಕಾಲಂ ಇರಲಿ. ನರ್ಸ್ ಸಂಬಳದ ಮುಂದೆ ಆ ಜಾಗ ಖಾಲಿ ಉಳಿದರೆ ವ್ಯಾನ್ ಕೊಳ್ಳಲೇಬೇಡಿ.

ದಾನಿಗೆ ಇಷ್ಟವಾಗಲೆಂದು ಸಂಬಳದ ಬಾಬ್ತನ್ನು ‘ತರಬೇತಿ’ ಹೆಸರಿನಲ್ಲಿ ಬಚ್ಚಿಡುವ ಅಡ್ಡದಾರಿ ಬೇಡ. ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ, ಮುಂದಿನ ದಾನಿಗೂ ಸುಳ್ಳು ಲೆಕ್ಕವೇ ಹೋಗುತ್ತದೆ. ಶುಗರ್ ನೋಡುವ ಗ್ಲುಕೋಮೀಟರ್ ಪುಕ್ಕಟೆ ಸಿಕ್ಕಿತೆಂದು ಸುಮ್ನೆ ತಗೊಳ್ಳಲೂಬೇಡಿ. ಅದಕ್ಕೆ ರಕ್ತದ ಹನಿ ಹಾಕುವ ಸ್ಟ್ರಿಪ್ ನಿಮ್ಮ ತಾಲ್ಲೂಕಿನ ಮೆಡಿಕಲ್ ಶಾಪಿನಲ್ಲಿ ಸಿಗುತ್ತಾ, ಒಂದಕ್ಕೆ ಎಷ್ಟು ಎಂದು ಮೊದಲು ಕೇಳಿ. ಸ್ಟ್ರಿಪ್ ಸಿಗದ ಯಂತ್ರಗಳು ಬೀರುಗಳಲ್ಲಿ ರಾಶಿ ಬಿದ್ದಿರುವುದನ್ನು ಕಂಡಿದ್ದೇನೆ.

ಹೆಜ್ಜೆ 3: ಹಣದ ಮೂಲ. ಯಾವ ದಾನಿಯ ಪಾಲೂ 40% ಮೀರಬಾರದು. ಇದು ನನ್ನ ಖಡಾಖಂಡಿತ ಸಲಹೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿದ ಮೇಲೆ, ಆ ನೆರವಿನಿಂದ ನಡೆಯುತ್ತಿದ್ದ, ಹೈದರಾಬಾದಿನಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆಂದು 2021ರಲ್ಲಿ ಶುರುವಾಗಿದ್ದ ಮಿತ್ರ್ ಕ್ಲಿನಿಕ್ ಬಾಗಿಲು ಹಾಕಬೇಕಾಯಿತು. ಕಂಪನಿಯ ಸಿಎಸ್‌ಆರ್ ಹಣವಾದರೆ ಒಂದು ವರ್ಷಕ್ಕೆ ಒಪ್ಪಬೇಡಿ. ನಿಯಮದಲ್ಲಿ ‘ಆನ್‌ಗೋಯಿಂಗ್ ಪ್ರಾಜೆಕ್ಟ್’ ಎಂಬುದಿದೆ. ಶುರುವಾದ ವರ್ಷ ಬಿಟ್ಟು ಮೂರು ವರ್ಷದವರೆಗೆ ಹಣ ಕೊಡಬಹುದು. ಹೆಸರು ಹಿಡಿದೇ ಕೇಳಿ.

ಮದುರೈನ ಅರವಿಂದ್ ಕಣ್ಣಾಸ್ಪತ್ರೆ 1976ರಲ್ಲಿ 11 ಹಾಸಿಗೆಯಿಂದ ಶುರುವಾಯಿತು. ಅಲ್ಲಿ ದುಡ್ಡು ಕೊಡುವ ರೋಗಿಗಳಿಂದ ಬಡವರ ಚಿಕಿತ್ಸೆ ನಡೆಯುತ್ತದೆ. ‘ನಾವೂ ಹಾಗೇ ಮಾಡೋಣ’ ಎನ್ನುವವರು ಜಾಸ್ತಿ. ಆದರೆ ಕಣ್ಣಿನ ಪೊರೆಯ ಆಪರೇಷನ್ ಒಂದು ಸಲದ ಕೆಲಸ. ಶುಗರ್ ರೋಗಿಗೆ ಜೀವನಪೂರ್ತಿ ಮಾತ್ರೆ ಬೇಕು. ಬಡವರೇ ತುಂಬಿರುವ ಹಳ್ಳಿಯಲ್ಲಿ ಶುಲ್ಕ ಹಾಕಿದರೆ ರೋಗಿ ಬರುವುದನ್ನೇ ಬಿಡುತ್ತಾನೆ.

ಹೆಜ್ಜೆ 4: ಸರ್ಕಾರಕ್ಕೆ ದಾಟಿಸುವುದು. ಗೇಟ್ಸ್ ಫೌಂಡೇಶನ್ 2003ರಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ‘ಆವಾಹನ್’ ಎಂಬ ಎಚ್‌ಐವಿ ತಡೆ ಯೋಜನೆ ಶುರುಮಾಡಿತು. ಆಮೇಲೆ ಅದನ್ನು ಒಂದೇ ಏಟಿಗೆ ಬಿಡದೆ ಹಂತಹಂತವಾಗಿ ಸರ್ಕಾರಕ್ಕೆ ವಹಿಸಿತು. ವಹಿಸುವ ಮೊದಲೇ ಸಿಬ್ಬಂದಿ, ಖರ್ಚು ಎರಡನ್ನೂ ಸರ್ಕಾರದ ಅಳತೆಗೆ ಹೊಂದಿಸುತ್ತ ಬಂತು. ನೀವೂ ಹಾಗೇ ಮಾಡಿ. ಮೊದಲ ದಿನದಿಂದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರನ್ನು, ಆಶಾ ಕಾರ್ಯಕರ್ತೆಯರನ್ನು ಜೊತೆಗಿಟ್ಟುಕೊಳ್ಳಿ. ಅವರ ಬಳಿ ಸಿಗುವ ಮಾತ್ರೆಯನ್ನೇ ನೀವೂ ಕೊಡಿ.

ಮೂರು ತಿಂಗಳ ಖರ್ಚು, ನಮ್ಮ ಲೆಕ್ಕದಲ್ಲಿ 3,84,000, ಬೇರೆ ಖಾತೆಯಲ್ಲಿರಲಿ. ಅನುದಾನ ನಿಂತರೆ ಈ ಹಣದಲ್ಲಿ ವ್ಯಾನ್ ಇನ್ನೂ ಹನ್ನೆರಡು ಮಂಗಳವಾರ ಹೋಗಬಹುದು. ಅಷ್ಟರೊಳಗೆ ಪ್ರತಿ ರೋಗಿಯ ಚೀಟಿಯನ್ನು ನರ್ಸ್ ಕೈಯಿಂದಲೇ ಪಿಎಚ್‌ಸಿಗೆ ಒಪ್ಪಿಸಿ.