ನಾರ್ವೆಯ ಪಶ್ಚಿಮ ಕರಾವಳಿಗೆ ಶರತ್ಕಾಲದಲ್ಲಿ ಹೋದ ಬಗೆ

ನಾರ್ವೆಯ ಪಶ್ಚಿಮ ಕರಾವಳಿಯನ್ನು ನೋಡಲು ಮಳೆ ಕಡಿಮೆಯಿರುವ ಮೇ ಮತ್ತು ಜೂನ್ ತಿಂಗಳುಗಳೇ ಉತ್ತಮವೆಂದು ತಿಳಿದಿದ್ದರೂ, ನನಗೂ ನನ್ನ ಪತ್ನಿಗೂ ಒಟ್ಟಿಗೆ ರಜೆ ದೊರೆತದ್ದು ಸೆಪ್ಟೆಂಬರ್ ಕೊನೆಯಲ್ಲಿ. ಆ ಕರಾವಳಿಯ ಬರ್ಗೆನ್ ನಗರದಲ್ಲಿ ವರ್ಷಕ್ಕೆ 2,200 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಸೆಪ್ಟೆಂಬರಿನ ಮಳೆ ಮೇ ತಿಂಗಳ ಮಳೆಯ ಎರಡು ಪಟ್ಟಿಗಿಂತಲೂ ಹೆಚ್ಚು. ತೀರ್ಥಹಳ್ಳಿಯ ಕಡೆಯವನಾದ ನನಗೆ ಈ ಅಂಕಿ ದೊಡ್ಡದೆನಿಸಲಿಲ್ಲ. ಆದರೆ ಆಗುಂಬೆಯ ಮಳೆ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿದರೆ, ಬರ್ಗೆನ್ನಿನದು ವರ್ಷದ 200ಕ್ಕೂ ಹೆಚ್ಚು ದಿನಗಳಲ್ಲಿ ಹನಿಹನಿಯಾಗಿ ಹರಡಿಕೊಂಡಿರುತ್ತದೆ. ಹೀಗಾಗಿ ಮಳೆಯಿಲ್ಲದ ದಿನಾಂಕವನ್ನು ಹುಡುಕುವ ಗೋಜಿಗೇ ಹೋಗದೆ, ಮಳೆ ಹಿಡಿದ ದಿನ ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಂಡೆ.

ಇದಕ್ಕೆ ನೆರವಾದದ್ದು ಪಶ್ಚಿಮ ಘಟ್ಟದ ಜನರಿಗೆ ಹೊಸತಲ್ಲದ ಮಳೆ ನೆರಳು. ಕಡಲಿನಿಂದ ಬರುವ ತೇವದ ಗಾಳಿ ಬೆಟ್ಟವೇರುವಾಗ ತಣಿದು ಮಳೆ ಸುರಿಸಿ, ಆಚೆ ಬದಿಗೆ ಒಣಗಿದ ಗಾಳಿಯಾಗಿ ಇಳಿಯುತ್ತದೆ. ಆಗುಂಬೆಗೂ ಚಳ್ಳಕೆರೆಗೂ ಮಳೆಯಲ್ಲಿರುವ ವ್ಯತ್ಯಾಸ ಇದರಿಂದಲೇ. ನಾರ್ವೆಯಲ್ಲಿಯೂ ಬರ್ಗೆನ್ನಿನಿಂದ ಒಳನಾಡಿಗೆ ಸರಿದು, ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿರುವ ಕಡಲ ತೋಳಾದ ಸೋಗ್ನೆಫ್ಯೋರ್ಡಿನ ಒಳತುದಿಯ ಹತ್ತಿರವಿರುವ ಲಾರ್ಡಾಲ್ ಕಣಿವೆಗೆ ಬಂದರೆ ವಾರ್ಷಿಕ ಮಳೆ ಸುಮಾರು 500 ಮಿ.ಮೀ.ಗೆ ಇಳಿಯುತ್ತದೆ. ಆದ್ದರಿಂದ ವಸತಿಯನ್ನು ಬರ್ಗೆನ್ನಿನಲ್ಲಿ ಒಂದು ಕಡೆ, ಅದೇ ಫ್ಯೋರ್ಡಿನ ಕವಲೊಂದರ ತುದಿಯಲ್ಲಿರುವ ಫ್ಲೋಮ್ ಊರಿನಲ್ಲಿ ಇನ್ನೊಂದು ಕಡೆ ಎಂದು ಎರಡು ಭಾಗ ಮಾಡಿದೆ. ಫ್ಲೋಮಿನಿಂದ ಲಾರ್ಡಾಲಿಗೆ ಹೋಗುವ ಬಸ್ಸು 2000ರಲ್ಲಿ ತೆರೆದ 24.5 ಕಿ.ಮೀ. ಉದ್ದದ ಸುರಂಗದ ಮೂಲಕ ಸಾಗುವುದರಿಂದ, ಹವಾಮಾನ ಹೇಗಿದ್ದರೂ ಆ ದಾರಿಯ ಬಗ್ಗೆ ಚಿಂತೆಯಿಲ್ಲ.

ನಾರ್ವೆಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಗೆ ಪ್ರಯಾಣದ ವಿವರ ಮತ್ತು ವಸತಿಯ ದಾಖಲೆಗಳನ್ನು ಮುಂಚಿತವಾಗಿಯೇ ಕೊಡಬೇಕು. ಹವಾಮಾನ ಮುನ್ಸೂಚನೆಯನ್ನಾದರೋ ಮೂರು ನಾಲ್ಕು ದಿನಕ್ಕಿಂತ ಮುಂದಕ್ಕೆ ನಾನು ನಂಬುವುದಿಲ್ಲ. ಈ ಎರಡನ್ನೂ ಹೊಂದಿಸಲು, ದರ ತುಸು ಹೆಚ್ಚಾದರೂ ರದ್ದುಮಾಡಬಹುದಾದ ಕೊಠಡಿಗಳನ್ನೇ ಕಾಯ್ದಿರಿಸಿದೆ. ಊರು ಮತ್ತು ರಾತ್ರಿಗಳು ನಿಗದಿಯಾಗಿದ್ದವು; ಯಾವ ದಿನ ಏನು ನೋಡುವುದೆಂಬುದನ್ನು ಮಾತ್ರ ಬೇಕೆಂದೇ ಖಾಲಿ ಬಿಟ್ಟಿದ್ದೆ. ಅಕ್ಟೋಬರ್ ಆರಂಭದಲ್ಲಿ ಅಲ್ಲಿಯ ಶಾಲೆಗಳಿಗೆ ಒಂದು ವಾರದ ರಜೆ ಇರುವುದರಿಂದ, ಅದಕ್ಕೆ ಮೊದಲೇ ಪ್ರವಾಸ ಮುಗಿಯುವಂತೆ ನೋಡಿಕೊಂಡೆ.

ನಾರ್ವೆಯ ಹವಾಮಾನ ಸಂಸ್ಥೆಯೂ ಅಲ್ಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆಯೂ ಸೇರಿ ನಡೆಸುವ 'ಯೂರ್' ಸೇವೆಯನ್ನು ಪ್ರತಿ ಸಂಜೆ ನೋಡುವುದು ನಮ್ಮ ದಿನಚರಿಯಾಯಿತು. ಅದರಲ್ಲಿ ಮೋಡದ ಚಿತ್ರಕ್ಕಿಂತ ಗಂಟೆಗೆ ಎಷ್ಟು ಮಿ.ಮೀ. ಮಳೆ, ಗಾಳಿ ಯಾವ ದಿಕ್ಕಿನದು ಎಂಬುದನ್ನೇ ನಾನು ಗಮನಿಸುತ್ತಿದ್ದೆ. ಗಂಟೆಗೆ ಅರ್ಧ ಮಿ.ಮೀ. ಮಳೆಯೆಂದರೆ ರೈನ್‌ಕೋಟ್ ತೊಟ್ಟು ಆರಾಮವಾಗಿ ನಡೆಯಬಹುದು. ಅಂಥ ದಿನವನ್ನು ಕೋಣೆಯಲ್ಲಿ ಕಳೆದರೆ ಶರತ್ಕಾಲದ ನಾರ್ವೆಯಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಗಾಳಿ ನೈಋತ್ಯದಿಂದ ಬಲವಾಗಿ ಬೀಸುವ ಸೂಚನೆಯಿದ್ದರೆ ಕರಾವಳಿಯ ಬೆಟ್ಟಗಳನ್ನು ಕೈಬಿಟ್ಟು ಒಳಗಣ ಕಣಿವೆಗೆ ಹೋಗುವುದು. ಪೂರ್ವದ ಗಾಳಿಯಿದ್ದರೆ ಬರ್ಗೆನ್ನೇ ಒಣಗಿರುವ ಸಾಧ್ಯತೆ ಹೆಚ್ಚಾದ್ದರಿಂದ, 643 ಮೀಟರ್ ಎತ್ತರದ ಉಲ್ರಿಕೆನ್ ಬೆಟ್ಟವನ್ನು ಆ ದಿನಕ್ಕೆ ಮೀಸಲಿಡುವುದು. ಮಳೆ ಜೋರಾಗಿದ್ದ ದಿನ ಫ್ಲೋಮಿನಿಂದ ಲಾರ್ಡಾಲಿಗೆ ಹೋಗಿ, ಅಲ್ಲಿಯ ಹಳೆಯ ಮರದ ಮನೆಗಳ ಬೀದಿಯಲ್ಲಿ ಕೊಡೆ ಬಿಚ್ಚದೆಯೇ ತಿರುಗಾಡಿದೆವು. ನೈಋತ್ಯದ ಬಲವಾದ ಗಾಳಿಗೆ ಕೊಡೆ ಹೇಗೂ ನಿಲ್ಲುವುದಿಲ್ಲವೆನ್ನಿ. ಟೋಪಿಯಿರುವ ರೈನ್‌ಕೋಟು, ನೀರು ಹೀರದ ಪ್ಯಾಂಟು, ಒಳಗೆ ತೆಳುವಾದ ಉಣ್ಣೆಯ ಅಂಗಿ ಇದ್ದರೆ ಸಾಕು.

ಮಳೆಗಿಂತ ಹೆಚ್ಚು ಲೆಕ್ಕ ಹಾಕಬೇಕಾದದ್ದು ಬೆಳಕನ್ನು. ಸೆಪ್ಟೆಂಬರ್ ಕೊನೆಗೆ ಹಗಲು ಸುಮಾರು ಹನ್ನೊಂದೂವರೆ ಗಂಟೆಯಿದ್ದರೆ, ಅಕ್ಟೋಬರ್ ಕೊನೆಗೆ ಒಂಬತ್ತು ಗಂಟೆಯ ಆಸುಪಾಸಿಗೆ ಇಳಿದಿರುತ್ತದೆ. ದೋಣಿಯ ಪಯಣ, ಬೆಟ್ಟದ ನಡಿಗೆ ಮುಂತಾದವನ್ನು ಮಧ್ಯಾಹ್ನ ಮೂರರೊಳಗೆ ಮುಗಿಸಿ, ಬರ್ಗೆನ್ನಿನ ಹಳೆಯ ಬಂದರುಕಟ್ಟೆಯಾದ ಬ್ರಿಗ್ಗನ್ನಿನ ಮರದ ಕಟ್ಟಡಗಳ ಓಣಿಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಆನಂತರದ ಹೊತ್ತಿಗೆ ಇಟ್ಟುಕೊಂಡೆವು.

ಹಿಂದಿರುಗುವಾಗ ಬರ್ಗೆನ್ನಿನಿಂದ ಓಸ್ಲೋಗೆ ರೈಲಿನಲ್ಲಿ ಬಂದೆವು. ಸುಮಾರು ಏಳು ಗಂಟೆಯ ಈ ದಾರಿ ಫಿನ್ಸೆ ನಿಲ್ದಾಣದಲ್ಲಿ 1,222 ಮೀಟರ್ ಎತ್ತರಕ್ಕೆ ಏರುವುದರಿಂದ, ಕೆಳಗೆ ಮಳೆಯಿದ್ದಾಗ ಮೇಲೆ ಹಿಮವಿದ್ದು ರೈಲು ತಡವಾಗಬಹುದು. ಅದಕ್ಕಾಗಿಯೇ ವಿಮಾನದ ಹಿಂದಿನ ರಾತ್ರಿಯನ್ನು ಓಸ್ಲೋದಲ್ಲಿ ಕಳೆಯುವಂತೆ ಮೊದಲೇ ಏರ್ಪಾಡು ಮಾಡಿಕೊಂಡಿದ್ದೆ.