ಹತ್ತಿಯ ಖಾತೆ ಪುಸ್ತಕದಲ್ಲಿ ಆಸ್ಕರ್ ಲೆಕ್ಕ

2017ರ ಫೆಬ್ರವರಿ 27, ಸೋಮವಾರ. ರಾಯಚೂರಿನ ಜಿನ್ನಿಂಗ್ ಮಿಲ್ಲೊಂದರ ಕಚೇರಿಯಲ್ಲಿ ಕುಳಿತು, ಹಿಂದಿನ ವಾರದ ಹತ್ತಿ ಖರೀದಿಯ ಲೆಕ್ಕ ಬರೆಯುತ್ತಲೇ ಮೊಬೈಲಿನಲ್ಲಿ ಆಸ್ಕರ್ ಸಮಾರಂಭದ ಕೊನೆಯ ಘಟ್ಟವನ್ನು ನೋಡುತ್ತಿದ್ದೆ. ಅತ್ಯುತ್ತಮ ಚಿತ್ರ ‘ಲಾ ಲಾ ಲ್ಯಾಂಡ್’ ಎಂದು ವೇದಿಕೆಯ ಮೇಲಿನಿಂದ ಫೇ ಡನಾವೇ ಹೇಳಿದ ಕೂಡಲೇ ಯಾರು ಗೆಲ್ಲುತ್ತಾರೆಂದು ನಾನು ಮೊದಲೇ ಊಹಿಸಿ ಬರೆದಿಟ್ಟಿದ್ದ ಪಟ್ಟಿಯ ಕಡೆಯ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದೆ. ಶಾಯಿ ಆರುವಷ್ಟರಲ್ಲಿ ಎಲ್ಲವೂ ತಿರುಗುಮುರುಗಾಯಿತು. ಪ್ರಶಸ್ತಿ ಘೋಷಿಸಲು ಬಂದವರ ಕೈಗೆ ಅತ್ಯುತ್ತಮ ನಟಿ ಪ್ರಶಸ್ತಿಯ ಲಕೋಟೆಯ ಎರಡನೆಯ ಪ್ರತಿ ಹೋಗಿತ್ತು. ನಿಜವಾಗಿ ಗೆದ್ದಿದ್ದದ್ದು ‘ಮೂನ್‌ಲೈಟ್’. ಹಾಕಿದ ಗುರುತನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ಅಂದು 24 ವಿಭಾಗಗಳಲ್ಲಿ ನನ್ನ ಊಹೆ ಸರಿಯಾದದ್ದು 11ರಲ್ಲಿ ಮಾತ್ರ.

ಲಕೋಟೆ ಅದಲುಬದಲಾದದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನನಗೆ ನೆನಪಿರುವುದು ನನ್ನದೇ ತಪ್ಪು. ‘ಲಾ ಲಾ ಲ್ಯಾಂಡ್’ಗೆ 14 ನಾಮನಿರ್ದೇಶನಗಳು ಸಿಕ್ಕಿದ್ದವು, ಎಲ್ಲರ ಬಾಯಲ್ಲೂ ಅದರದ್ದೇ ಹೆಸರಿತ್ತು, ಆದ್ದರಿಂದ ಅದೇ ಗೆಲ್ಲುತ್ತದೆ ಎಂದು ಬರೆದಿದ್ದೆನೇ ಹೊರತು ಅದರ ಹಿಂದೆ ಬೇರೆ ಯಾವ ಲೆಕ್ಕವೂ ಇರಲಿಲ್ಲ. ವೃತ್ತಿಯಿಂದ ಗುಮಾಸ್ತನಾದವನು ಹೀಗೆ ಲೆಕ್ಕವಿಲ್ಲದೆ ಬರೆಯಬಾರದಾಗಿತ್ತು. ನಾವು ಆರು ಜನ ಗೆಳೆಯರು ಪ್ರತಿ ವರ್ಷ ಸಮಾರಂಭದ ಹಿಂದಿನ ರಾತ್ರಿ ನಮ್ಮ ನಮ್ಮ ಪಟ್ಟಿ ಬರೆದು ಮಡಚಿ ಕೊಡುತ್ತೇವೆ. ಕಡಿಮೆ ಸರಿ ಬಂದವನು ಉಳಿದ ಐವರಿಗೆ ತೀನ್ ಕಂದೀಲ್ ಬಳಿ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನಿಸಬೇಕು. ಆ ವರ್ಷ ತಿನ್ನಿಸಿದವನು ನಾನು.

ನಮ್ಮ ಸಾಹುಕಾರರು ಹೊಸಬರಿಗೆಲ್ಲ ಹೇಳುವ ಮಾತೊಂದಿದೆ: “ಮ್ಯಾಲಿನ ಹತ್ತಿ ನೋಡಿ ದರ ಹೇಳಬ್ಯಾಡ್ರಿ, ತಳಕ್ಕ ಕೈ ಹಾಕ್ರಿ.” ನಮ್ಮೂರಿನ ಮಾರುಕಟ್ಟೆ ರಾಜೇಂದ್ರ ಗಂಜ್‌ಗೆ ಬರುವ ಹತ್ತಿಯಲ್ಲಿ ಮೇಲೆ ಬೆಳ್ಳಗೆ, ಒಣಗಿ ಇರುವುದು ಒಳಗೆ ತೇವವಾಗಿರಬಹುದು, ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ಹೊರತೆಗೆದು, ಮುಷ್ಟಿಯಲ್ಲಿ ಒತ್ತಿ, ಎಳೆ ಜಗ್ಗಿ ನೋಡಿದ ಮೇಲೆಯೇ ದರ ಬಾಯಿಂದ ಬರಬೇಕು. ಆಸ್ಕರ್ ವಿಷಯದಲ್ಲಿ ನಾನು ತಳಕ್ಕೆ ಕೈ ಹಾಕಿರಲೇ ಇಲ್ಲ. ಹಾಕಿದಾಗ ಮೊದಲು ಸಿಕ್ಕಿದ್ದು ಮತದಾರರು. ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಸುಮಾರು ಹತ್ತು ಸಾವಿರ ಸದಸ್ಯರಿದ್ದಾರೆ. ನಾಮನಿರ್ದೇಶನದ ಹಂತದಲ್ಲಿ ಹೆಚ್ಚಿನ ವಿಭಾಗಗಳಲ್ಲಿ ಆಯಾ ಕಸುಬಿನವರೇ ಮತ ಹಾಕುತ್ತಾರೆ. ನಟರು ನಟರನ್ನು, ಸಂಕಲನಕಾರರು ಸಂಕಲನಕಾರರನ್ನು ಆರಿಸುತ್ತಾರೆ. ಅಂತಿಮ ಸುತ್ತಿನಲ್ಲಿ ಎಲ್ಲ ವಿಭಾಗಗಳಿಗೂ ಎಲ್ಲ ಸದಸ್ಯರೂ ಮತ ಹಾಕಬಹುದು. ಪತ್ರಿಕೆಗಳಲ್ಲಿ ಬರೆಯುವ ವಿಮರ್ಶಕರಿಗೂ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಕೊಡುವ ಪತ್ರಕರ್ತರಿಗೂ ಅಲ್ಲಿ ಮತವಿಲ್ಲ. ಜನವರಿಯಲ್ಲಿ ಗ್ಲೋಬ್ ಫಲಿತಾಂಶ ನೋಡಿ ನಾನು ತುಂಬಿಸುತ್ತಿದ್ದ ಪಟ್ಟಿ, ನಮ್ಮ ಊರಿನ ಚುನಾವಣೆಗೆ ಬೇರೆ ಜಿಲ್ಲೆಯವರನ್ನು ಕೇಳಿ ಹೇಳಿದ ಭವಿಷ್ಯದಂತಿತ್ತು.

ಎರಡನೆಯದಾಗಿ ಸಿಕ್ಕಿದ್ದು ಮತ ಎಣಿಸುವ ರೀತಿ. ಅದನ್ನು ನಾನು ಅರ್ಥಮಾಡಿಕೊಂಡದ್ದು ಯಾವ ಸಿನಿಮಾ ಲೇಖನದಿಂದಲೂ ಅಲ್ಲ, ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಕ್ಷೇತ್ರದ ಮತ ಎಣಿಕೆಗೆ ಪರಿಚಿತರೊಬ್ಬರ ಪರವಾಗಿ ಏಜೆಂಟನಾಗಿ ಒಂದು ಸಲ ಕಲಬುರಗಿಗೆ ಹೋಗಿ ಕುಳಿತಾಗ. ಆ ಚುನಾವಣೆಯಲ್ಲಿ ಮತದಾರರು ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯುತ್ತಾರೆ. ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಬಂದರೆ ಗೆಲುವು. ಬರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವರನ್ನು ಹೊರಗಿಟ್ಟು, ಅವರ ಮತಪತ್ರಗಳಲ್ಲಿ ಮುಂದಿನ ಅಂಕಿ ಯಾರಿಗಿದೆಯೋ ಅವರ ಕಟ್ಟಿಗೆ ಸೇರಿಸುತ್ತಾ ಹೋಗುತ್ತಾರೆ. ಮೊದಲ ಪ್ರಾಶಸ್ತ್ಯದಲ್ಲಿ ಮುಂದಿದ್ದವರ ಕಡೆಯವರು ಸಂಜೆಗೇ ಹಾರ ತರಿಸಿಟ್ಟುಕೊಂಡು ಕುಳಿತಿದ್ದರು. ರಾತ್ರಿ ಕಳೆದಂತೆ ಒಬ್ಬೊಬ್ಬರೇ ಹೊರಬಿದ್ದ ಅಭ್ಯರ್ಥಿಗಳ ಕಟ್ಟುಗಳು ಬಿಚ್ಚುತ್ತಾ, ಆ ಅಂತರ ಹಿಡಿ ಹಿಡಿಯಾಗಿ ಕರಗುವುದನ್ನು ನಾನು ಕುರ್ಚಿಯ ತುದಿಯಲ್ಲಿ ಕುಳಿತು ನೋಡಿದೆ. ಹಾರದ ಹೂವಿನ ಸ್ಥಿತಿಯನ್ನು ಹೇಳಬೇಕಾಗಿಲ್ಲ.

ಆಸ್ಕರ್‌ನಲ್ಲಿಯೂ ಅತ್ಯುತ್ತಮ ಚಿತ್ರ ಎಂಬ ಒಂದೇ ವಿಭಾಗದ ಅಂತಿಮ ಮತಗಳನ್ನು ಹೀಗೆಯೇ ಎಣಿಸುತ್ತಾರೆ. ಉಳಿದ ವಿಭಾಗಗಳಲ್ಲಿ ಹೆಚ್ಚು ಮತ ಬಂದವರಿಗೆ ಪ್ರಶಸ್ತಿ, ಅಷ್ಟೇ. 2010ರ ಸಮಾರಂಭದಿಂದ ಈ ಪದ್ಧತಿ ಮರಳಿ ಬಂದಿದೆ. ಗೆಳೆಯರಿಗೆ ನಾನು ಕೊಡುವ ಉದಾಹರಣೆ ಇದು: ನೂರು ಮತಪತ್ರಗಳಲ್ಲಿ ಮೊದಲನೆಯ ಚಿತ್ರಕ್ಕೆ 38, ಎರಡನೆಯದಕ್ಕೆ 34, ಮೂರನೆಯದಕ್ಕೆ 28 ಬಂದವೆನ್ನಿ. ಮೂರನೆಯದು ಹೊರಬೀಳುತ್ತದೆ. ಆ 28ರಲ್ಲಿ 22 ಜನ ಎರಡನೆಯ ಚಿತ್ರವನ್ನೂ 6 ಜನ ಮೊದಲನೆಯದನ್ನೂ ತಮ್ಮ ಮುಂದಿನ ಆಯ್ಕೆಯಾಗಿ ಬರೆದಿದ್ದರೆ, 44ಕ್ಕೆ ನಿಂತ ಮೊದಲನೆಯ ಚಿತ್ರವನ್ನು ಎರಡನೆಯದು 56ರಿಂದ ಸೋಲಿಸುತ್ತದೆ. ಹುಚ್ಚು ಅಭಿಮಾನಿಗಳು ಎಷ್ಟೇ ಇದ್ದರೂ, ಉಳಿದವರು ತಮ್ಮ ಪಟ್ಟಿಯ ತಳಕ್ಕೆ ತಳ್ಳುವ ಚಿತ್ರಕ್ಕೆ ಈ ಎಣಿಕೆಯಲ್ಲಿ ಕಷ್ಟ. ಅಂದಿನಿಂದ ಅತ್ಯುತ್ತಮ ಚಿತ್ರದ ಸಾಲು ತುಂಬಿಸುವಾಗ ಯಾವುದು ಹೆಚ್ಚು ಜನಕ್ಕೆ ಪ್ರಾಣ ಎಂಬುದರ ಜೊತೆಗೆ ಯಾವುದು ಯಾರಿಗೂ ಬೇಡವಾಗಿಲ್ಲ ಎಂಬುದನ್ನೂ ಕೇಳಿಕೊಳ್ಳುತ್ತೇನೆ.

ಇಷ್ಟಾದ ಮೇಲೆ ಖಾತೆ ತೆರೆದೆ. ಮಿಲ್ಲಿನಲ್ಲಿ ಬಳಸುವ ಉದ್ದನೆಯ ಕೆಂಪು ರಟ್ಟಿನ ಪುಸ್ತಕವೇ ಅದು. ಎಡಕ್ಕೆ ವರ್ಷ, ಬಲಕ್ಕೆ ಆಸ್ಕರ್ ಗೆದ್ದವರು, ನಡುವೆ ಆಸ್ಕರ್‌ಗಿಂತ ಮೊದಲು ಬರುವ ಪ್ರಶಸ್ತಿಗಳಿಗೆ ಒಂದೊಂದು ಕಾಲಂ: ಅಮೆರಿಕದ ನಿರ್ಮಾಪಕರ ಸಂಘ, ನಿರ್ದೇಶಕರ ಸಂಘ, ನಟರ ಸಂಘ, ಬ್ರಿಟನ್ನಿನ ಬಾಫ್ಟಾ. ಹಳೆಯ ವರ್ಷಗಳನ್ನೂ ತುಂಬಿಸಿದೆ. 2016ರಿಂದ 2025ರವರೆಗಿನ ಹತ್ತು ಸಮಾರಂಭಗಳನ್ನು ತೆಗೆದುಕೊಂಡರೆ, ನಿರ್ಮಾಪಕರ ಸಂಘ ಆರಿಸಿದ ಚಿತ್ರವೇ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದದ್ದು 7 ಸಲ. ಅವರೂ ಪ್ರಾಶಸ್ತ್ಯ ಕ್ರಮದಲ್ಲಿಯೇ ಮತ ಎಣಿಸುತ್ತಾರೆ ಎಂಬುದು ಇದಕ್ಕೆ ಒಂದು ಕಾರಣವೆಂದು ನನ್ನ ಎಣಿಕೆ. ತಪ್ಪಿದ ಮೂರು ವರ್ಷಗಳೆಂದರೆ 2016, 2017 ಮತ್ತು 2020. ನಿರ್ದೇಶಕರ ಸಂಘದ ಚಿತ್ರ 5 ಸಲ, ನಟರ ಸಂಘ ಇಡೀ ತಾರಾಗಣಕ್ಕೆ ಕೊಡುವ ಪ್ರಶಸ್ತಿ 5 ಸಲ ತಾಳೆಯಾಗಿವೆ. ಬಾಫ್ಟಾ ಕೇವಲ 2 ಸಲ: ‘ನೋಮ್ಯಾಡ್‌ಲ್ಯಾಂಡ್’ ಮತ್ತು ‘ಆಪನ್‌ಹೈಮರ್’. ಈ ಸಾಲನ್ನು ಮೊದಲು ಕೂಡಿಸಿ ನೋಡಿದಾಗ ಬಾಫ್ಟಾ ಕಾಲಂ ಅನ್ನೇ ಹೊಡೆದುಹಾಕುವ ಮನಸ್ಸಾಗಿತ್ತು. ಹಾಗೆ ಮಾಡದಿದ್ದುದು ಒಳ್ಳೆಯದೇ ಆಯಿತು.

ಏಕೆಂದರೆ ಅದೇ ಹತ್ತು ವರ್ಷಗಳ ಅತ್ಯುತ್ತಮ ನಟಿ ಪುಟವನ್ನು ತಿರುವಿದಾಗ ಚಿತ್ರವೇ ಬೇರೆ. ಅಲ್ಲಿ ಬಾಫ್ಟಾ 8 ಸಲ ಆಸ್ಕರ್‌ನೊಂದಿಗೆ ಹೊಂದಿದೆ, ನಟರ ಸಂಘ 6 ಸಲ. 2019ರಲ್ಲಿ ಗ್ಲೆನ್ ಕ್ಲೋಸ್ ಗೆಲ್ಲುತ್ತಾರೆಂದು ನಟರ ಸಂಘದ ಕಾಲಂ ಹೇಳಿತ್ತು. ಬಾಫ್ಟಾ ಪಡೆದಿದ್ದ ಒಲಿವಿಯಾ ಕೋಲ್ಮನ್ ಗೆದ್ದರು. 2024ರಲ್ಲಿ ಲಿಲಿ ಗ್ಲಾಡ್‌ಸ್ಟೋನ್ ಮತ್ತು ಎಮ್ಮಾ ಸ್ಟೋನ್ ನಡುವೆ ಇದೇ ಕಥೆ ಮರುಕಳಿಸಿತು. ನಿರ್ದೇಶಕರ ಪುಟದಲ್ಲಿ ನಿರ್ದೇಶಕರ ಸಂಘವನ್ನು ಬಿಟ್ಟು ಬೇರೆ ಕಾಲಂ ನೋಡುವುದೇ ಬೇಡ: ಹತ್ತರಲ್ಲಿ 9 ಸಲ ಅವರು ಹೇಳಿದವರೇ ಗೆದ್ದಿದ್ದಾರೆ. 2020ರಲ್ಲಿ ಮಾತ್ರ ‘1917’ರ ಸ್ಯಾಮ್ ಮೆಂಡೆಸ್ ಬದಲು ‘ಪ್ಯಾರಸೈಟ್’ನ ಬಾಂಗ್ ಜೂನ್ ಹೋ ಬಂದರು. ಹತ್ತಿ ತೂಗುವ ಕಾಟಾದಲ್ಲಿ ಬಂಗಾರ ತೂಗುವವರಿಲ್ಲ. ಆದರೂ ನಮ್ಮ ಆರು ಜನರಲ್ಲಿ ನಾಲ್ವರು ಇಂದಿಗೂ ಯಾವುದೋ ಒಂದು ಪ್ರಶಸ್ತಿಯನ್ನು ನೆಚ್ಚಿಕೊಂಡು ಇಡೀ ಪಟ್ಟಿಯನ್ನು ಅದರ ಮೇಲೆಯೇ ಬರೆಯುತ್ತಾರೆ.

ತಾಂತ್ರಿಕ ವಿಭಾಗಗಳಲ್ಲಿ ನಾನು ಹೆಚ್ಚು ಕಾಲ ಎಡವಿದ್ದು ಕಸುಬುದಾರರ ಸಂಘಗಳನ್ನು ಅತಿಯಾಗಿ ನಂಬಿ. ಛಾಯಾಗ್ರಾಹಕರಿಗಿಂತ ಛಾಯಾಗ್ರಹಣವನ್ನು ಬಲ್ಲವರು ಯಾರು ಎಂಬುದು ನನ್ನ ವಾದವಾಗಿತ್ತು. 2023ರಲ್ಲಿ ಅಮೆರಿಕದ ಛಾಯಾಗ್ರಾಹಕರ ಸಂಘ ‘ಎಲ್ವಿಸ್’ನ ಮ್ಯಾಂಡಿ ವಾಕರ್ ಅವರನ್ನು ಆರಿಸಿತು, ನಾನೂ ಅದನ್ನೇ ಬರೆದೆ, ಆಸ್ಕರ್ ಹೋದದ್ದು ಬಾಫ್ಟಾ ಪಡೆದಿದ್ದ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’ಗೆ. ಅಂತಿಮ ಸುತ್ತಿನಲ್ಲಿ ಮತ ಹಾಕುವವರು ಛಾಯಾಗ್ರಾಹಕರಷ್ಟೇ ಅಲ್ಲವೆಂದು ನಾನೇ ನನ್ನ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೆ. ವೇಷಭೂಷಣದವರು, ಸಂಗೀತದವರು, ಪ್ರಚಾರದವರು ಎಲ್ಲರೂ ಸೇರಿ ಕ್ಯಾಮೆರಾ ಕೆಲಸವನ್ನು ಅಳೆಯುವಾಗ ಕಣ್ಣಿಗೆ ಎದ್ದು ಕಾಣುವುದಕ್ಕೆ ಮತ ಬೀಳುತ್ತದೆ.

ಅದೇ 2023ರ ಪುಟ ನನ್ನ ಖಾತೆಯಲ್ಲಿ ಅತಿ ಹೆಚ್ಚು ಕಾಟು ಬಿದ್ದ ಪುಟ. ಮಾರ್ಚ್ 13ರ ಬೆಳಗಿನ ಜಾವ 5.30ಕ್ಕೆ ಸಮಾರಂಭ ಶುರುವಾಯಿತು. ರಾಯಚೂರಿನಲ್ಲಿ ತೆಲುಗು ಬಾರದವರು ವಿರಳ. ‘ನಾಟು ನಾಟು’ ಹಾಡು ನಮ್ಮ ಮಿಲ್ಲಿನ ಹಮಾಲರ ಮೊಬೈಲುಗಳಲ್ಲೆಲ್ಲ ಇತ್ತು. ಅದಕ್ಕೆ ಗೋಲ್ಡನ್ ಗ್ಲೋಬ್ ಮತ್ತು ವಿಮರ್ಶಕರು ಕೊಡುವ ಕ್ರಿಟಿಕ್ಸ್ ಚಾಯ್ಸ್ ಎರಡೂ ಬಂದಿದ್ದರಿಂದ ಲೆಕ್ಕಕ್ಕೂ ಮನಸ್ಸಿಗೂ ಜಗಳವಿರಲಿಲ್ಲ, ಬರೆದೆ, ಬಂತು. ಸಾಕ್ಷ್ಯಚಿತ್ರಗಳಲ್ಲಿ ಮಾತ್ರ ಎರಡು ಕಡೆಯಿಂದಲೂ ಏಟು ತಿಂದೆ. ಪೂರ್ಣಾವಧಿ ಸಾಕ್ಷ್ಯಚಿತ್ರದಲ್ಲಿ ಬಾಫ್ಟಾ ‘ನವಾಲ್ನಿ’ಗೆ ಹೋಗಿತ್ತು, ಪುಸ್ತಕ ಅದನ್ನೇ ಹೇಳುತ್ತಿತ್ತು, ಆದರೆ ದೆಹಲಿಯ ಹದ್ದುಗಳ ಕುರಿತ ‘ಆಲ್ ದಟ್ ಬ್ರೀದ್ಸ್’ ನಮ್ಮದೆಂಬ ಅಭಿಮಾನದಿಂದ ಅದಕ್ಕೇ ಗುರುತು ಹಾಕಿದೆ. ಸೋತಿತು. ಕಿರು ಸಾಕ್ಷ್ಯಚಿತ್ರದಲ್ಲಿ, ಒಂದು ಅಭಿಮಾನ ಸಾಕೆಂದು ಮನಸ್ಸನ್ನು ಗಟ್ಟಿ ಮಾಡಿ, ಮುದುಮಲೈ ಆನೆಮರಿಯ ಕಥೆ ಹೇಳುವ ‘ದಿ ಎಲಿಫೆಂಟ್ ವಿಸ್ಪರರ್ಸ್’ ಅನ್ನು ಬಿಟ್ಟು ಬೇರೆಯದನ್ನು ಬರೆದೆ. ಗೆದ್ದದ್ದು ಆನೆಮರಿಯ ಚಿತ್ರವೇ. ಚಹಾ ತಂದುಕೊಟ್ಟ ನನ್ನಾಕೆ ಪುಸ್ತಕವನ್ನು ಇಣುಕಿ ನೋಡಿ, “ಆನಿ ಮರಿ ನೋಡಿ ಅತ್ತೋರು ನೀವಾ, ಅದನ್ನ ಬಿಟ್ಟೋರೂ ನೀವಾ” ಎಂದಳು. ಕಿರುಚಿತ್ರಗಳ ಪುಟಗಳಿಗೆ ನೆಚ್ಚಬಹುದಾದ ಕಾಲಂ ನನಗೆ ಈವರೆಗೂ ಸಿಕ್ಕಿಲ್ಲ. ನೋಡಲು ಸಿಕ್ಕರೆ ಐದನ್ನೂ ನೋಡಿ, ಮುಗಿದ ಮೇಲೆ ಯಾವುದರ ಬಗ್ಗೆ ಮನೆಯವರು ಮಾತಾಡುತ್ತಾರೋ ಅದನ್ನು ಬರೆಯುತ್ತೇನೆ.

ದಿನಾಂಕಗಳನ್ನೂ ಪುಸ್ತಕದಲ್ಲಿ ಬರೆಯಬೇಕೆಂದು ತಿಳಿದದ್ದು ತಡವಾಗಿ. 2025ರಲ್ಲಿ ಅಂತಿಮ ಮತದಾನ ಫೆಬ್ರವರಿ 11ರಿಂದ 18ರವರೆಗೆ ನಡೆಯಿತು. ನಿರ್ಮಾಪಕರ ಮತ್ತು ನಿರ್ದೇಶಕರ ಸಂಘಗಳು 8ರಂದು, ಅಂದರೆ ಮತದಾನಕ್ಕೆ ಮೂರೇ ದಿನ ಮೊದಲು, ‘ಅನೋರಾ’ವನ್ನು ಆರಿಸಿದವು. ಬಾಫ್ಟಾ ಬಂದದ್ದು 16ರಂದು, ಮತದಾನದ ನಡುವೆ. ನಟರ ಸಂಘದ ಪ್ರಶಸ್ತಿ 23ರಂದು ಪ್ರಕಟವಾಗುವ ಹೊತ್ತಿಗೆ ಆಸ್ಕರ್ ಮತಗಳೆಲ್ಲ ಬಿದ್ದು ಮುಗಿದಿದ್ದವು. ಆ ರಾತ್ರಿ ಡೆಮಿ ಮೂರ್ ಗೆದ್ದು ಭಾಷಣ ಮಾಡಿದ್ದನ್ನು ನೋಡಿ ನಮ್ಮ ಗೆಳೆಯರಲ್ಲಿ ಇಬ್ಬರು ಪಟ್ಟಿಯನ್ನು ತಿದ್ದಿದರು. ಆ ಭಾಷಣ ಯಾವ ಮತವನ್ನೂ ಬದಲಿಸುವಂತಿರಲಿಲ್ಲ. ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್, ನಟರ ಸಂಘ ಮೂರೂ ಡೆಮಿ ಮೂರ್ ಕಡೆಗಿದ್ದಾಗ ಬಾಫ್ಟಾ ಒಂದನ್ನೇ ನಂಬಿ ಮೈಕಿ ಮ್ಯಾಡಿಸನ್ ಎಂದು ಬರೆಯುವಾಗ ನನ್ನ ಕೈಯೂ ಸ್ವಲ್ಪ ತಡೆಯಿತು. ಪೆನ್ಸಿಲಿನಲ್ಲಿ ಬರೆದು, ಎರಡು ದಿನ ಬಿಟ್ಟು, ಹಳೆಯ ಸಾಲುಗಳನ್ನು ಮತ್ತೊಮ್ಮೆ ಕೂಡಿಸಿ, ಆಮೇಲೆ ಶಾಯಿಯಲ್ಲಿ ತಿದ್ದಿದೆ. ಮಾರ್ಚ್ 3ರ ಬೆಳಿಗ್ಗೆ ಮ್ಯಾಡಿಸನ್ ಹೆಸರು ಬಂದಾಗ ಮನೆಯಲ್ಲಿ ಇನ್ನೂ ಮಲಗಿದ್ದವರೆಲ್ಲ ನನ್ನ ಕೂಗಿಗೆ ಎದ್ದರು.

ಆ ವರ್ಷ 23 ವಿಭಾಗಗಳಲ್ಲಿ 17 ಸರಿಯಾದವು. ತಪ್ಪಿದವುಗಳಲ್ಲಿ ಎರಡನ್ನು ಇಂದಿಗೂ ಮರೆತಿಲ್ಲ. ಅನಿಮೇಷನ್ ವಿಭಾಗದಲ್ಲಿ ನಿರ್ಮಾಪಕರ ಸಂಘವನ್ನು ನಂಬಿ ‘ದ ವೈಲ್ಡ್ ರೋಬೋಟ್’ ಬರೆದಿದ್ದೆ, ಒಂದೇ ಒಂದು ಮಾತಿಲ್ಲದ ಲಾಟ್ವಿಯಾದ ‘ಫ್ಲೋ’ ಗೆದ್ದಿತು. ಅಂತರರಾಷ್ಟ್ರೀಯ ಚಿತ್ರದ ವಿಭಾಗದಲ್ಲಿ ‘ಎಮಿಲಿಯಾ ಪೆರೆಸ್’ಗೆ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್, ಬಾಫ್ಟಾ ಎಲ್ಲವೂ ಬಂದಿದ್ದವು, ಒಟ್ಟು 13 ನಾಮನಿರ್ದೇಶನಗಳಿದ್ದವು; ಖಾತೆಯ ಪ್ರಕಾರ ಇದಕ್ಕಿಂತ ಗಟ್ಟಿ ಸಾಲು ಆ ಪುಟದಲ್ಲಿ ಇನ್ನೊಂದಿರಲಿಲ್ಲ. ಆದರೆ ಅದರ ನಾಯಕಿಯ ಹಳೆಯ ಟ್ವೀಟುಗಳ ಗದ್ದಲ ಜನವರಿಯ ಕೊನೆಗೆ ಎದ್ದಿತ್ತು, ಬ್ರೆಜಿಲ್‌ನ ‘ಐ ಆ್ಯಮ್ ಸ್ಟಿಲ್ ಹಿಯರ್’ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿಯೂ ಸೇರಿತ್ತು, ಕೊನೆಗೆ ಅದೇ ಗೆದ್ದಿತು. ಗದ್ದಲಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ. ಈಗ ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆಯುವ ರೂಢಿ ಮಾಡಿಕೊಂಡಿದ್ದೇನೆ.

2026ರ ಪುಟಕ್ಕೆ ಗೆರೆ ಎಳೆಯಲು ಕುಳಿತಾಗ ಎರಡು ಹೊಸ ಸಂಗತಿಗಳು ಎದುರಾದವು. ಒಂದು ವಿಭಾಗದಲ್ಲಿ ಅಂತಿಮ ಮತ ಹಾಕಬೇಕಾದರೆ ಆ ವಿಭಾಗದ ಎಲ್ಲ ಚಿತ್ರಗಳನ್ನೂ ಸದಸ್ಯರು ನೋಡಿರಲೇಬೇಕೆಂದು ಅಕಾಡೆಮಿ ನಿಯಮ ಮಾಡಿದೆ. ಹೆಸರು ಕೇಳಿ ಮತ ಹಾಕುವವರು ಕಡಿಮೆಯಾದರೆ ನನ್ನ ಹಳೆಯ ಸಾಲುಗಳು ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತವೆಯೋ ನೋಡಬೇಕು. ಇನ್ನೊಂದು, ಪಾತ್ರಗಳಿಗೆ ತಕ್ಕ ನಟರನ್ನು ಆರಿಸುವ ಕೆಲಸಕ್ಕೆ ಹೊಸ ಪ್ರಶಸ್ತಿ ಸೇರಿ ವಿಭಾಗಗಳು ಮತ್ತೆ 24 ಆಗಿವೆ. ಬಾಫ್ಟಾ 2020ರಿಂದಲೇ ಇಂಥದೊಂದು ಪ್ರಶಸ್ತಿ ಕೊಡುತ್ತಿದೆ, ಆದರೆ ಎದುರಿಗಿಟ್ಟು ತಾಳೆ ನೋಡಲು ಆಸ್ಕರ್ ಕಡೆಯ ಸಾಲು ಆಗ ಒಂದೂ ಇರಲಿಲ್ಲ. ಇಡೀ ತಾರಾಗಣಕ್ಕೆ ನಟರ ಸಂಘ ಕೊಡುವ ಪ್ರಶಸ್ತಿಯನ್ನು ಅದರ ಪಕ್ಕದಲ್ಲಿ ಇಡುವುದೇ, ಬಾಫ್ಟಾವನ್ನು ಇಡುವುದೇ ಎಂದು ಎರಡು ಸಲ ಬರೆದು ಎರಡು ಸಲ ಅಳಿಸಿದೆ. ಕೊನೆಗೆ ತಲೆಬರಹವನ್ನಷ್ಟೇ ಶಾಯಿಯಲ್ಲಿ ಬರೆದು, ಕೆಳಗಿನ ಸಾಲುಗಳನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದೆ.